ನಿಮ್ಮ ಮನೆ ಎಲ್ಲಿದೆ? ಪುಣೆಯ ಒಂದು ದಂಪತಿ ವೀಸಾ ಪ್ರಕರಣ

ನಾನು ಪುಣೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಹುಟ್ಟೂರು ಧಾರವಾಡ, ಕರ್ವೆ ರಸ್ತೆಯ ಆಸುಪಾಸಿನಲ್ಲೇ ಇಪ್ಪತ್ತೆರಡು ವರ್ಷ ಕಳೆದಿವೆ. ಹಿಂಜೇವಾಡಿಯ ಕಂಪನಿಗಳಲ್ಲಿ ಅಮೆರಿಕದಿಂದ ಮರಳಿ ಬಂದ ನಮ್ಮ ಕಡೆಯವರು ಸಾಕಷ್ಟಿದ್ದಾರೆ. ಅವರ ಅಮೆರಿಕದ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದೇ ಈಗ ನನ್ನ ಅರ್ಧ ಕಸುಬು. ವಲಸೆ ಕಾನೂನು ನನ್ನ ಕ್ಷೇತ್ರವಲ್ಲ. ಆದರೂ ಈ ಪ್ರಕರಣ ನನ್ನ ಮೇಜಿನ ಮೇಲೆ ಬಂತು, ಅದರಲ್ಲಿ ಆದ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಊರುಗಳನ್ನೂ ತಿಂಗಳುಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ.

ಹಿನ್ನೆಲೆ

ಗಂಡನನ್ನು ಪ್ರಸನ್ನ ಎನ್ನೋಣ, ಹೆಂಡತಿಯನ್ನು ಸುಮಾ. ಪ್ರಸನ್ನ 2005ರಲ್ಲಿ ಎಂಎಸ್ ಓದಲು ಟೆಕ್ಸಾಸ್‌ಗೆ ಹೋದವರು. ಅಲ್ಲೇ ಕೆಲಸ, ಗ್ರೀನ್ ಕಾರ್ಡ್, 2016ರಲ್ಲಿ ಪೌರತ್ವ. 2018ರಲ್ಲಿ ಅವ್ವನಿಗೆ ಹುಷಾರಿಲ್ಲದಾಗ ಎಲ್ಲ ಕಟ್ಟಿಕೊಂಡು ಪುಣೆಗೆ ಬಂದರು. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇತ್ತು, ಇಲ್ಲೇ ಕಂಪನಿ ಸೇರಿದರು, ರೂಪಾಯಿಯಲ್ಲಿ ಸಂಬಳ, ವಾಕಡ್‌ನಲ್ಲಿ ಫ್ಲ್ಯಾಟ್. ಒಂದೆರಡು ವರ್ಷಕ್ಕೆಂದು ಬಂದವರು ನೆಲೆ ನಿಂತರು. ಅವ್ವ ಚೇತರಿಸಿಕೊಂಡರು.

ಸುಮಾ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಅಜ್ಜಿಯ ಊರಿನಲ್ಲಿ, ಬೆಳೆದದ್ದು ಸೊಲ್ಲಾಪುರದಲ್ಲಿ. ಪುಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. 2022ರ ಫೆಬ್ರವರಿಯಲ್ಲಿ ವಿಜಯಪುರದ ಕಲ್ಯಾಣ ಮಂಟಪದಲ್ಲಿ ಮದುವೆ ಆಯಿತು. ಅಕ್ಷತೆ, ಊಟ, ಫೋಟೋ ಎಲ್ಲ ಆಯಿತು, ರಿಜಿಸ್ಟ್ರೇಷನ್ ಮಾತ್ರ ಆಗಲಿಲ್ಲ. ನಮ್ಮ ಕಡೆ ಇದು ಹೊಸದೇನಲ್ಲ.

ಹೋಗುವ ಮಾತು ಬಂದಾಗ

ಅದೇ ವರ್ಷದ ಕೊನೆಗೆ ಪ್ರಸನ್ನನಿಗೆ ಮತ್ತೆ ಅಮೆರಿಕಕ್ಕೆ ಹೋಗುವ ಮನಸ್ಸಾಯಿತು. ಆಗ ಅವರ ಮುಂದೆ ಮೂರು ದಾರಿ ಇದ್ದಂತೆ ಕಂಡಿತಂತೆ. ಅದರಲ್ಲಿ ಎರಡು ದಾರಿಯೇ ಆಗಿರಲಿಲ್ಲ.

ಒಂದು, ಸುಮಾಳನ್ನು ವಿಸಿಟರ್ ವೀಸಾದ ಮೇಲೆ ಕರೆದುಕೊಂಡು ಹೋಗಿ ಅಲ್ಲಿ ಮುಂದಿನದು ನೋಡೋಣ ಎಂಬುದು. ಪ್ರವಾಸಕ್ಕೆಂದು ಹೇಳಿ ನೆಲೆಸಲು ಹೋಗುವುದು ಮೋಸ ಎನಿಸಿಕೊಳ್ಳುತ್ತದೆ. ಜೊತೆಗೆ 2022ರ ಕೊನೆಯಲ್ಲಿ ಭಾರತದಲ್ಲಿ ಮೊದಲ ಸಲದ ವಿಸಿಟರ್ ವೀಸಾ ಸಂದರ್ಶನದ ಸರದಿಗೇ ಒಂದೂವರೆ ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು. ಅದು ಅಲ್ಲಿಗೇ ಬಿದ್ದುಹೋಯಿತು.

ಎರಡನೆಯದು, ಅಮೆರಿಕದ ಪ್ರಜೆ ವಿದೇಶದಲ್ಲೇ ವಾಸವಾಗಿದ್ದರೆ ಅರ್ಜಿಯನ್ನು ಅಲ್ಲಿಯೇ ಕೊಟ್ಟು ಕೆಲವೇ ತಿಂಗಳಲ್ಲಿ ಮುಗಿಸಿಕೊಳ್ಳಬಹುದು ಎಂಬ ಮಾತು. ಗೆಳೆಯನೊಬ್ಬ ದೆಹಲಿಯಲ್ಲಿ ಹಾಗೆ ಮಾಡಿಸಿದ್ದನಂತೆ. ಅವನು ಹೇಳಿದ್ದು ಸುಳ್ಳಲ್ಲ, ಹಳೆಯದು. 2020ರ ಫೆಬ್ರವರಿ 1ರಿಂದ ಆ ಸೌಲಭ್ಯ ಸಾಮಾನ್ಯ ಜನರಿಗೆ ನಿಂತಿತು. ವೈದ್ಯಕೀಯ ತುರ್ತು, ಕಂಪನಿ ಇದ್ದಕ್ಕಿದ್ದಂತೆ ವರ್ಗ ಮಾಡಿದ್ದು, ಇಂಥ ಅಪರೂಪದ ಕಾರಣಗಳಿದ್ದರೆ ಮಾತ್ರ ಕಾನ್ಸುಲೇಟು ಅರ್ಜಿ ತೆಗೆದುಕೊಳ್ಳುತ್ತದೆ. ಉಳಿದವರು ಎಲ್ಲಿದ್ದರೂ ಆನ್‌ಲೈನಿನಲ್ಲಿ ಇಲ್ಲವೇ ಅಂಚೆಯ ಮೂಲಕ ಅಮೆರಿಕಕ್ಕೇ ಸಲ್ಲಿಸಬೇಕು.

ಉಳಿದದ್ದು ಮಾಮೂಲಿ ದಾರಿ: ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಕೊಡುವ ಐ-130 ಅರ್ಜಿ, ಅದು ಮಂಜೂರಾದ ಮೇಲೆ ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎನ್‌ವಿಸಿಯಲ್ಲಿ ಕಾಗದಪತ್ರಗಳ ಪರಿಶೀಲನೆ, ಕೊನೆಗೆ ಮುಂಬಯಿ ಕಾನ್ಸುಲೇಟಿನಲ್ಲಿ ಸಂದರ್ಶನ. 2023ರ ಜನವರಿಯಲ್ಲಿ ಆನ್‌ಲೈನಿನಲ್ಲಿ ಐ-130 ಸಲ್ಲಿಸಿದರು. ಆಗ ಶುಲ್ಕ 535 ಡಾಲರ್; 2024ರ ಏಪ್ರಿಲ್‌ನಿಂದ ಆನ್‌ಲೈನಿಗೆ 625, ಕಾಗದದ ಅರ್ಜಿಗೆ 675 ಆಯಿತು. ಕೆಲಸ ಸಲೀಸಾಗಲಿ ಎಂದು ಒಬ್ಬ ಏಜೆಂಟನನ್ನೂ ಹಿಡಿದರು. ಅವನ ಹೆಸರು ಬೇಡ. ಅವನ ಪಾತ್ರ ಮುಂದೆ ಬರುತ್ತದೆ.

ಮದುವೆಯ ಕಾಗದ, ಹುಟ್ಟಿದ ಕಾಗದ

ಅರ್ಜಿಗೆ ಮೊದಲು ಬೇಕಾದದ್ದು ಮದುವೆ ಪ್ರಮಾಣಪತ್ರ. ಲಗ್ನಪತ್ರಿಕೆ, ಫೋಟೋ, ಮೂವರು ಸಾಕ್ಷಿಗಳನ್ನು ಕಟ್ಟಿಕೊಂಡು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ವರನ ಪಾಸ್‌ಪೋರ್ಟ್ ಅಮೆರಿಕದ್ದು ಎಂದು ಗೊತ್ತಾದೊಡನೆ ಗುಮಾಸ್ತರು ಪೆನ್ನು ಕೆಳಗಿಟ್ಟರಂತೆ. ವಿದೇಶಿಯ ಮದುವೆ ಸ್ಪೆಷಲ್ ಮ್ಯಾರೇಜ್ ಆ್ಯಕ್ಟಿನಲ್ಲೇ ಆಗಬೇಕು, 30 ದಿನದ ನೋಟಿಸ್ ಬೇಕು ಎಂಬುದು ಅವರ ವಾದ. ಇಬ್ಬರೂ ಹಿಂದೂಗಳು, ಮದುವೆ ಶಾಸ್ತ್ರೋಕ್ತವಾಗಿ ಈಗಾಗಲೇ ಆಗಿದೆ, ಬೇಕಾದದ್ದು ಬರೀ ನೋಂದಣಿ ಎಂದು ತಿಳಿಸಿ ಹೇಳಲು ಎರಡು ಸಲ ಪುಣೆಯಿಂದ ಹೋಗಿ ಬರಬೇಕಾಯಿತು.

ಹುಟ್ಟಿದ ಪ್ರಮಾಣಪತ್ರದ್ದು ಬೇರೆ ಕತೆ. ಸುಮಾಳ ಜನನ 1993ರಲ್ಲೇ ನೋಂದಣಿಯಾಗಿತ್ತು. ಆದರೆ ಹೆಸರಿನ ಜಾಗ ಖಾಲಿ. ತಂದೆಯ ಹೆಸರಿದೆ, ತಾಯಿಯ ಹೆಸರಿದೆ, ಮಗು 'ಹೆಣ್ಣು'. ಆ ಕಾಲದಲ್ಲಿ ಹೆಸರಿಡುವ ಮೊದಲೇ ನೋಂದಣಿ ಆಗುತ್ತಿತ್ತು, ಆಮೇಲೆ ಯಾರೂ ಹೋಗಿ ಸೇರಿಸುತ್ತಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮಗಳಂತೆ ಹೆಸರು ಸೇರಿಸಲು ಸಾಮಾನ್ಯವಾಗಿ 15 ವರ್ಷದ ಗಡುವಿದೆ. ಅದು ಎಂದೋ ದಾಟಿತ್ತು. ಇಲ್ಲಿ ಅವರು ಮಾಡಿದ ತೀರ್ಮಾನ ನನಗೆ ಹಿಡಿಸಿತು. ಹೊಸ ಪ್ರಮಾಣಪತ್ರದ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆಯಲಿಲ್ಲ. ಹೆಸರಿಲ್ಲದ ಅದೇ ಪ್ರಮಾಣಪತ್ರ, ಹತ್ತನೇ ತರಗತಿಯ ಅಂಕಪಟ್ಟಿ, ತಾಯಿ ಮತ್ತು ಸೋದರಮಾವ ಬರೆದುಕೊಟ್ಟ ಎರಡು ಅಫಿಡವಿಟ್, ಇಷ್ಟನ್ನು ಒಟ್ಟಿಗೆ ಇಟ್ಟರು. ಅಫಿಡವಿಟ್ಟಿನಲ್ಲಿ ಆ ಇಬ್ಬರಿಗೂ ಸುಮಾಗೂ ಏನು ಸಂಬಂಧ, ಹುಟ್ಟಿದ ದಿನ, ಊರು ಅವರಿಗೆ ಹೇಗೆ ಗೊತ್ತು ಎಂಬುದೆಲ್ಲ ಸ್ಪಷ್ಟವಾಗಿತ್ತು. ಒಂದೇ ಸಲಕ್ಕೆ ಪಾಸಾಯಿತು.

ಪೊಲೀಸ್ ಕ್ಲಿಯರೆನ್ಸ್ ಪುಣೆಯ ಪಾಸ್‌ಪೋರ್ಟ್ ಕೇಂದ್ರದಿಂದ ತಕರಾರಿಲ್ಲದೆ ಬಂತು. ಮದುವೆಯ ನಂತರ ಸುಮಾ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲಿಲ್ಲ. ಹಾಗಾಗಿ ಎಲ್ಲ ಕಾಗದದಲ್ಲೂ ತಂದೆಯ ಮನೆಯ ಹೆಸರು ಒಂದೇ ಥರ ಇತ್ತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲವೇ ಎಂದು ಕೇಳಿದ್ದೆ. "ಅವ್ವನ ಪಾಸ್‌ಪೋರ್ಟಿನ್ಯಾಗೂ ತವರಮನಿ ಹೆಸರ ಅದರಿ" ಎಂದು ನಕ್ಕರು.

ಕೂಸು

ಅರ್ಜಿ ಸಲ್ಲಿಸಿ ಕಾಯುತ್ತಿರುವಾಗಲೇ, 2023ರ ನವೆಂಬರಿನಲ್ಲಿ, ಪುಣೆಯಲ್ಲಿ ಮಗಳು ಹುಟ್ಟಿದಳು. ತಾಯಿಯ ಅರ್ಜಿಯಲ್ಲೇ ಮಗುವಿನ ಹೆಸರು ಸೇರಿಸಿದರೆ ಆಯಿತು ಎಂದು ಏಜೆಂಟ್ ಹೇಳಿದ. ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅಮೆರಿಕದ ಪ್ರಜೆಯ ಹೆಂಡತಿಗೆ ಸಿಗುವ ವೀಸಾದ ಬಾಲ ಹಿಡಿದು ಮಕ್ಕಳು ಹೋಗುವಂತಿಲ್ಲ. ಪ್ರತಿ ಮಗುವಿಗೂ ಬೇರೆ ಅರ್ಜಿ ಬೇಕು. ಆದರೆ ಈ ಮಗುವಿಗೆ ಅದೂ ಬೇಕಿರಲಿಲ್ಲ. ವಿವಾಹಿತ ದಂಪತಿಯಲ್ಲಿ ಒಬ್ಬರು ಅಮೆರಿಕದ ಪ್ರಜೆಯಾಗಿದ್ದು, ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಆ ದೇಶದಲ್ಲಿ ಇದ್ದಿದ್ದರೆ, ಅದರಲ್ಲಿ 2 ವರ್ಷವಾದರೂ 14 ವಯಸ್ಸಿನ ನಂತರದ್ದಾಗಿದ್ದರೆ, ಮಗು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಪ್ರಸನ್ನ 13 ವರ್ಷ ಇದ್ದವರು. ಪೌರತ್ವ ಬರುವ ಮೊದಲಿನ ವರ್ಷಗಳೂ ಈ ಲೆಕ್ಕಕ್ಕೆ ಬರುತ್ತವೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ಅಂಕಪಟ್ಟಿ, ಹಳೆಯ ಡಬ್ಲ್ಯೂ-2 ಎಂಬ ಸಂಬಳದ ಚೀಟಿಗಳು, ರದ್ದಾದ ಪಾಸ್‌ಪೋರ್ಟು ತೆಗೆದುಕೊಂಡು ಮುಂಬಯಿಗೆ ಹೋಗಿ ಮಗುವಿನ ಜನನವನ್ನು ಕಾನ್ಸುಲೇಟಿನಲ್ಲಿ ದಾಖಲಿಸಿ ಪಾಸ್‌ಪೋರ್ಟ್ ಮಾಡಿಸಿದರು. ಅಮೆರಿಕದ ಪಾಸ್‌ಪೋರ್ಟಿನ ಮೇಲೆ ಭಾರತದಿಂದ ಹೊರಡುವ ಕೂಸಿಗೆ ಇಲ್ಲಿನ ಕಾಗದವೂ ಬೇಕಾಗುತ್ತದೆ. ಅದನ್ನೂ ಬೇಗ ಶುರು ಮಾಡಿದ್ದು ಒಳ್ಳೆಯದಾಯಿತು.

ಹೀಗೆ ಆರು ತಿಂಗಳ ಕೂಸಿನದು ಮುಗಿಯಿತು, ಅವಳ ತಾಯಿಯದು ಮುಗಿದಿರಲಿಲ್ಲ.

ನನ್ನ ಬಳಿ ಬಂದದ್ದು

2024ರ ಫೆಬ್ರವರಿಯಲ್ಲಿ ಐ-130 ಮಂಜೂರಾಯಿತು. ಎನ್‌ವಿಸಿಗೆ 325 ಮತ್ತು 120 ಡಾಲರ್ ಕಟ್ಟಿದರು. ಸುಮಾಳ ವೀಸಾ ಅರ್ಜಿ, ಡಿಎಸ್-260, ತುಂಬಿದ್ದಾಯಿತು. ಆಮೇಲೆ ಐ-864, ಅಂದರೆ ಬರುವವರು ಸರ್ಕಾರಕ್ಕೆ ಹೊರೆಯಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಗಂಡ ಬರೆದುಕೊಡುವ ಮುಚ್ಚಳಿಕೆ. ಅದರ ಜೊತೆ ಟ್ಯಾಕ್ಸ್ ರಿಟರ್ನ್ ಬೇಕು. ಆಗ ಪ್ರಸನ್ನ ನನ್ನ ಕಚೇರಿಗೆ ಬಂದರು.

"2018ರಿಂದ ತುಂಬಿಲ್ಲ ಸರ್. ಇಲ್ಲೇ ಟ್ಯಾಕ್ಸ್ ಕಟ್ತೀನಲ್ಲ, ಅಲ್ಲಿ ಯಾಕ ಅಂತ."

ಈ ವಾಕ್ಯವನ್ನು ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ. ಅಮೆರಿಕದ ಪ್ರಜೆ ಚಂದ್ರಲೋಕದಲ್ಲಿದ್ದರೂ ರಿಟರ್ನ್ ತುಂಬಬೇಕು. ಅದರಲ್ಲೂ ಹೆಂಡತಿ ವಿದೇಶಿಯಾಗಿದ್ದು, ಗಂಡ ಬೇರೆಯಾಗಿ ತುಂಬುವುದಾದರೆ ವರ್ಷದ ಆದಾಯ ಕೇವಲ 5 ಡಾಲರ್ ಮುಟ್ಟಿದರೂ ತುಂಬಲೇಬೇಕು. ಐದು ಸಾವಿರವಲ್ಲ, ಐದೇ.

ಬೇಕೆಂದು ಮುಚ್ಚಿಟ್ಟದ್ದಲ್ಲ, ಗೊತ್ತಿಲ್ಲದೆ ಬಿಟ್ಟದ್ದು ಎನ್ನುವವರಿಗೆ ಸ್ಟ್ರೀಮ್‌ಲೈನ್ಡ್ ಎಂಬ ದಾರಿ ಇದೆ. ಹಿಂದಿನ 3 ವರ್ಷದ ರಿಟರ್ನ್, 6 ವರ್ಷದ ವಿದೇಶಿ ಬ್ಯಾಂಕ್ ಖಾತೆಗಳ ವರದಿ, ತಪ್ಪು ಹೇಗಾಯಿತು ಎಂಬ ಪ್ರಾಮಾಣಿಕ ಹೇಳಿಕೆ. ವಿದೇಶದಲ್ಲಿ ವಾಸವಿದ್ದವರಿಗೆ ದಂಡ ಇಲ್ಲ. ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಆ ವರದಿ ಬೇಕು. ಪ್ರಸನ್ನನ ಸಂಬಳ ಖಾತೆಯೊಂದೇ ಸಾಕಿತ್ತು. ಮ್ಯೂಚುವಲ್ ಫಂಡಿನ ಎಸ್‌ಐಪಿ ಬೇರೆ ಇತ್ತು. ಭಾರತದ ಮ್ಯೂಚುವಲ್ ಫಂಡನ್ನು ಅಮೆರಿಕದ ಟ್ಯಾಕ್ಸ್ ಇಲಾಖೆ ಹೇಗೆ ನೋಡುತ್ತದೆ ಎಂಬುದನ್ನು ಬರೆಯಲು ಕೂತರೆ ಅದೇ ಇನ್ನೊಂದು ಲೇಖನವಾಗುತ್ತದೆ, ಓದಿದವರ ನಿದ್ದೆಯೂ ಹೋಗುತ್ತದೆ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ವಿದೇಶಿ ಸಂಬಳವನ್ನು ಒಂದು ಮಿತಿಯವರೆಗೆ ಲೆಕ್ಕದಿಂದಲೇ ಹೊರಗಿಡುವ ಫಾರ್ಮ್ 2555 ಇದೆ, ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿಯದಕ್ಕೆ ವಜಾ ಹಾಕಿಕೊಳ್ಳುವ ಫಾರ್ಮ್ 1116 ಇದೆ. ಯಾವುದರಿಂದಲೂ ಅಲ್ಲಿ ಕಟ್ಟಬೇಕಾದದ್ದು ಸೊನ್ನೆಯೇ. ಆದರೆ 2555 ಹಾಕಿದರೆ ರಿಟರ್ನಿನ ಒಟ್ಟು ಆದಾಯದ ಸಾಲೂ ಸೊನ್ನೆಯ ಹತ್ತಿರ ಬರುತ್ತದೆ. ಹೆಂಡತಿಯನ್ನು ಸಾಕುತ್ತೇನೆ ಎಂದು ಹೇಳುವ ಕಾಗದಕ್ಕೆ ಸೊನ್ನೆ ಆದಾಯದ ರಿಟರ್ನ್ ಲಗತ್ತಿಸುವುದು ಚೆನ್ನಾಗಿ ಕಾಣುವುದಿಲ್ಲ. 1116 ಆಯ್ದುಕೊಂಡೆವು. ಅದು ಸರಿಯಾದ ತೀರ್ಮಾನವೇ. ಆದರೆ ನಾನು ಆದಾಯದ ಸಾಲನ್ನಷ್ಟೇ ನೋಡುತ್ತಿದ್ದೆ.

ಅಕ್ಕನ ಸಹಿ

ಪ್ರಸನ್ನನಿಗೆ ಇಲ್ಲಿ ಒಳ್ಳೆಯ ಸಂಬಳ. ಆದರೆ ಐ-864ರ ಲೆಕ್ಕದಲ್ಲಿ, ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುವ ಆದಾಯಕ್ಕೆ ಮಾತ್ರ ಬೆಲೆ. ಕೆಲಸ ಬಿಟ್ಟು ಹೋಗುವವನ ಪುಣೆ ಸಂಬಳ ಸೊನ್ನೆಗೆ ಸಮ.

ಎರಡು ಉಪಾಯಗಳಿದ್ದವು. ಒಂದು, ಆಸ್ತಿ ತೋರಿಸುವುದು. ತೋರಿಸಬೇಕಾದ ಕನಿಷ್ಠ ಆದಾಯ ಅಲ್ಲಿನ ಬಡತನ ರೇಖೆಯ ಶೇ. 125; ಮೂರು ಜನರ ಕುಟುಂಬಕ್ಕೆ 2024ರಲ್ಲಿ ಅದು 32,275 ಡಾಲರ್. ಹೆಂಡತಿಗಾದರೆ ಕೊರತೆಯ ಮೂರು ಪಟ್ಟು ಆಸ್ತಿ ಸಾಕು. ಅಂದರೆ 96,825 ಡಾಲರ್, ಆಗಿನ ದರದಲ್ಲಿ ಸುಮಾರು 80 ಲಕ್ಷ ರೂಪಾಯಿ. ವಾಕಡ್ ಫ್ಲ್ಯಾಟಿನ ಬೆಲೆ ಅದಕ್ಕಿಂತ ಹೆಚ್ಚಿತ್ತು. ಒಂದು ವರ್ಷದೊಳಗೆ ಮಾರಿ ಹಣ ಮಾಡಬಹುದಾದ ಆಸ್ತಿ ಎಂದು ತೋರಿಸಬೇಕು, ಸರ್ಕಾರಿ ಮಾನ್ಯತೆಯ ವ್ಯಾಲ್ಯುಯರ್ ಬರಬೇಕು. ವ್ಯಾಲ್ಯುಯರ್ ಟೇಪು ಹಿಡಿದು ಹಾಲ್ ಅಳೆಯುತ್ತಿದ್ದಾಗ ಅವ್ವ ಅಡುಗೆಮನೆಯಿಂದ ಬಂದು ಒಂದೇ ಮಾತು ಕೇಳಿದರಂತೆ: "ಮನೀ ಮಾರಾಕ ಹತ್ತೀರೇನು?" ಮಾರುವುದಲ್ಲ, ತೋರಿಸುವುದಷ್ಟೇ ಎಂದು ಹೇಳಿದರೂ ಆ ರಾತ್ರಿ ಅವ್ವ ಊಟ ಮಾಡಲಿಲ್ಲ. ಮರುದಿನ ಪ್ರಸನ್ನ ಆ ಉಪಾಯ ಕೈಬಿಟ್ಟರು. ಲೆಕ್ಕದ ದೃಷ್ಟಿಯಿಂದ ಅದೇ ಸುಲಭದ ದಾರಿಯಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಲೆಕ್ಕ ಮಾಡುವವನಿಗೆ ಹಾಗೆ ಅನಿಸುವುದು ಸಹಜ.

ಇನ್ನೊಂದು, ಜಾಯಿಂಟ್ ಸ್ಪಾನ್ಸರ್, ಅಂದರೆ ಗಂಡನ ಜೊತೆ ಅದೇ ಹೊಣೆ ಹೊರುವ ಇನ್ನೊಬ್ಬರು. ನ್ಯೂಜೆರ್ಸಿಯಲ್ಲಿ ಪ್ರಸನ್ನನ ಅಕ್ಕ ಇದ್ದರು, ಅಲ್ಲಿನ ಪ್ರಜೆ, ಸ್ವಂತ ಕೆಲಸ. ಅವರ ಮನೆಯ ನಾಲ್ವರು, ಸುಮಾ ಸೇರಿ ಐವರು. 45,725 ಡಾಲರ್ ಆದಾಯ ಸಾಕು, ಅವರೊಬ್ಬರ ಸಂಬಳವೇ ಅದಕ್ಕೆ ಮೀರಿತ್ತು. ಭಾವನ ಸಹಿ ಬೇಕಿರಲಿಲ್ಲ. ಆದರೆ ಫಾರ್ಮಿನ ಸಣ್ಣಕ್ಷರಗಳನ್ನು ಪೂರ್ತಿ ಓದಿದವರು ಭಾವ ಒಬ್ಬರೇ.

ಅವರ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಪ್ರಸನ್ನ ಸ್ಪೀಕರ್ ಹಾಕಿದರು. "ತಪ್ಪು ತಿಳ್ಕೋಬ್ಯಾಡ ಪ್ರಸನ್ನ. ನಾಳೆ ನಿಮ್ಮಿಬ್ಬರಿಗೆ ಕೂಡಿ ಬರಲಿಲ್ಲ ಅಂದ್ರೂ ಈ ಸಹಿ ಹಂಗ ಉಳೀತದ. ಹೌದಲ್ಲ?" ಹೌದು. ಸುಮಾ ಅಲ್ಲಿನ ಪ್ರಜೆಯಾಗುವವರೆಗೆ, ಇಲ್ಲವೇ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೇ ಅವಳು ಗ್ರೀನ್ ಕಾರ್ಡ್ ಬಿಟ್ಟುಕೊಟ್ಟು ದೇಶ ಬಿಟ್ಟು ಹೋಗುವವರೆಗೆ ಆ ಹೊಣೆ ಉಳಿಯುತ್ತದೆ. ವಿಚ್ಛೇದನದಿಂದ ಅದು ಕಳಚುವುದಿಲ್ಲ.

ಪ್ರಸನ್ನ ಸುಮ್ಮನಾದರು. ಮಾತಾಡಿದ್ದು ಸುಮಾ. "ಭಾವಾರ, ನೀವು ಕೇಳಿದ್ದು ಬರೋಬರಿ ಅದ. ನಾನು ಗಣಿತ ಟೀಚರ್. ಅಲ್ಲಿಗೆ ಬಂದು ಕೆಲಸಕ್ಕ ಹೋಗಾಕೆನ. ಒಂದು ವಾರ ವಿಚಾರ ಮಾಡಿ ಹೇಳ್ರಿ, ಆಗಂಗಿಲ್ಲ ಅಂದ್ರ ನಮಗೇನೂ ಬ್ಯಾಸರಿಲ್ಲ." ಮೂರನೇ ದಿನ ಸಹಿಯಾದ ಫಾರ್ಮ್ ಬಂತು. ಇಂಥ ಸಹಿಯನ್ನು 'ಬರೀ ಫಾರ್ಮಾಲಿಟಿ' ಎಂದು ಹೇಳಿ ಮಾಡಿಸಿಕೊಂಡು, ಆಮೇಲೆ ಸಂಬಂಧ ಕೆಡಿಸಿಕೊಂಡ ಎರಡು ಮನೆ ನನಗೆ ಗೊತ್ತು.

ಒಂದು ಚೌಕ

ಅಕ್ಕ ಸಹಿ ಮಾಡಿದರೂ ಗಂಡ ತನ್ನ ಐ-864 ಬೇರೆಯಾಗಿ ಕೊಡಲೇಬೇಕು. ಅದರಲ್ಲಿ 'ಕಂಟ್ರಿ ಆಫ್ ಡೊಮಿಸೈಲ್' ಎಂಬ ಒಂದು ಚೌಕವಿದೆ. ಪ್ರಸನ್ನ ಅಲ್ಲಿ ಪ್ರಾಮಾಣಿಕವಾಗಿ 'ಇಂಡಿಯಾ' ಎಂದು ಬರೆದಿದ್ದರು. ಆರು ವರ್ಷದಿಂದ ವಾಕಡ್‌ನಲ್ಲಿ ಇರುವ ಮನುಷ್ಯ ಇನ್ನೇನು ಬರೆಯಬೇಕು?

ತೊಡಕು ಇರುವುದು ಇಲ್ಲಿಯೇ. ಸ್ಪಾನ್ಸರ್ ಆಗುವವನ ಡೊಮಿಸೈಲ್, ಅಂದರೆ ಅವನ ಕಾಯಂ ನೆಲೆ, ಅಮೆರಿಕದಲ್ಲೇ ಇರಬೇಕು. ಅಲ್ಲಿನ ಸರ್ಕಾರದ ಕೆಲಸಕ್ಕೋ ಅಮೆರಿಕದ ಕಂಪನಿಯ ವಿದೇಶ ವ್ಯಾಪಾರಕ್ಕೋ ತಾತ್ಕಾಲಿಕವಾಗಿ ಹೊರಗಿರುವವರಿಗೆ ವಿನಾಯಿತಿ ಇದೆ. ಸ್ವಂತ ಇಚ್ಛೆಯಿಂದ ಭಾರತದ ಕಂಪನಿ ಸೇರಿದವರಿಗೆ ಇಲ್ಲ. ಅವರು, ಹೆಂಡತಿ ಅಮೆರಿಕಕ್ಕೆ ಕಾಲಿಡುವ ದಿನವೋ ಅದಕ್ಕೆ ಮೊದಲೋ ತಾವೂ ಅಲ್ಲಿ ಮತ್ತೆ ನೆಲೆಸುತ್ತೇವೆ ಎಂಬುದನ್ನು ಪುರಾವೆ ಸಮೇತ ತೋರಿಸಬೇಕು. ಜಾಯಿಂಟ್ ಸ್ಪಾನ್ಸರ್ ಹಣದ ಕೊರತೆ ತುಂಬಬಲ್ಲರು, ಈ ಕೊರತೆ ತುಂಬಲಾರರು.

ಎನ್‌ವಿಸಿಯಿಂದ ಆ ಚೌಕದ ಬಗ್ಗೆ ಆಕ್ಷೇಪ ಬಂತು. ಏಜೆಂಟ್ 'ಇಂಡಿಯಾ' ಅಳಿಸಿ 'ಯುನೈಟೆಡ್ ಸ್ಟೇಟ್ಸ್' ಎಂದು ತುಂಬಿಸಿ, 'ನನ್ನ ಮನೆಯಲ್ಲಿ ಇರಲಿದ್ದಾರೆ' ಎಂದು ಅಕ್ಕ ಬರೆದ ನಾಲ್ಕು ಸಾಲಿನ ಪತ್ರ ಜೋಡಿಸಿ ಮತ್ತೆ ಹಾಕಿದ. ಆ ಫಾರ್ಮ್ ಒಂದು ದಿನ ನನ್ನ ಮೇಜಿನ ಮೇಲೇ ಇತ್ತು. ರಿಟರ್ನಿನ ಅಂಕಿ ತಾಳೆಯಾಗುತ್ತವೆಯೇ ನೋಡಿ ಕಳಿಸಿದೆ. ಚೌಕ ಬದಲಾದದ್ದು ಕಂಡಿತು. ಯಾಕೆ ಎಂದು ಕೇಳಲಿಲ್ಲ. ಜುಲೈಯಲ್ಲಿ ಎನ್‌ವಿಸಿ ಕಡತ ಒಪ್ಪಿತು. ಎಲ್ಲರೂ ಸಿಹಿ ತಿಂದೆವು. ಎನ್‌ವಿಸಿ ಒಪ್ಪಿತು ಎಂದರೆ ಬೇಕಾದ ಕಾಗದಗಳು ಸೇರಿವೆ ಎಂದಷ್ಟೇ ಅರ್ಥ. ಅವು ಸಾಕೋ ಸಾಲವೋ ಎಂದು ಹೇಳುವವರು ಕಿಟಕಿಯಾಚೆಯ ಅಧಿಕಾರಿ.

ಬಿಕೆಸಿ

ಸೆಪ್ಟೆಂಬರ್ 2024. ಮೊದಲು ಮುಂಬಯಿಯಲ್ಲಿ ವೈದ್ಯಕೀಯ ತಪಾಸಣೆ, ಎಕ್ಸ್‌ರೇ, ಒಂದೆರಡು ಲಸಿಕೆ, ಆಮೇಲೆ ಬೆರಳಚ್ಚು, ಮರುವಾರ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ ಸಂದರ್ಶನ. ಬೆಳಗಿನ ಸಮಯ ಕೊಟ್ಟಿದ್ದರಿಂದ ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದರೆ ಆಗುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಬಂದು ಮಾಟುಂಗಾದ ನೆಂಟರ ಮನೆಯಲ್ಲಿ ಉಳಿದರು. ಪ್ರಸನ್ನ ಮಗುವನ್ನೂ ಸುಮಾಳ ಫೋನನ್ನೂ ಹಿಡಿದು ಹೊರಗೆ ನಿಂತರು.

ಸುಮಾ ಮದುವೆ ಆಲ್ಬಮ್, ಜಂಟಿ ಖಾತೆಯ ಪಾಸ್‌ಬುಕ್, ಗೋಕರ್ಣ, ಗೋವಾ ತಿರುಗಾಡಿದ ಟಿಕೆಟು, ಮಗುವಿನ ನಾಮಕರಣದ ಫೋಟೋ ಎಲ್ಲ ಹೊತ್ತು ಒಳಗೆ ಹೋಗಿದ್ದರು. ಅದರಲ್ಲಿ ಒಂದನ್ನೂ ಅಧಿಕಾರಿ ಕೇಳಲಿಲ್ಲ. ಮದುವೆ ನಿಜವೋ ಸುಳ್ಳೋ ಎಂಬ ಅನುಮಾನ ಅಲ್ಲಿ ಯಾರಿಗೂ ಇರಲಿಲ್ಲ. ಸುಮಾ ನೆನಪಿಟ್ಟುಕೊಂಡ ಪ್ರಶ್ನೆಗಳು ಇಷ್ಟು: ಗಂಡ ಈಗ ಎಲ್ಲಿದ್ದಾರೆ? ಪುಣೆಯಲ್ಲಿ. ಎಷ್ಟು ವರ್ಷದಿಂದ? ಆರು. ಅಲ್ಲಿ ಕೆಲಸ ನೋಡಿದ್ದಾರಾ? ನೋಡುತ್ತಾರೆ. ಅಮೆರಿಕದಲ್ಲಿ ನಿಮ್ಮ ಮನೆ ಎಲ್ಲಿದೆ?

"ನಾದಿನಿ ಮನೀಗೆ ಹೋಗತೀವಿ ಅಂದೆ ಸರ್. ಅದು ಮನಿ ಅಲ್ಲ ಅಂತ ಹೇಳುವಾಗ್ಲೇ ನನಗ ಗೊತ್ತಾತು."

ಕಾಗದ ಸಾಲದೆ ವೀಸಾ ತಡೆಹಿಡಿದಾಗ ಕೊಡುವ 221(ಜಿ) ಚೀಟಿ ಕೊಟ್ಟರು: ಅರ್ಜಿದಾರರ, ಅಂದರೆ ಗಂಡನ, ಡೊಮಿಸೈಲ್ ಬಗ್ಗೆ ಪುರಾವೆ ಸಲ್ಲಿಸಿ.

ಆ ಸಂಜೆ ಸೊಲ್ಲಾಪುರದಲ್ಲಿ ಸುಮಾಳ ಅಪ್ಪ ಕೇಸ್ ನಂಬರ್ ಹಾಕಿ ಆನ್‌ಲೈನಿನಲ್ಲಿ ನೋಡಿದರೆ 'ರಿಫ್ಯೂಸ್ಡ್' ಎಂದು ಬರೆದಿತ್ತು. ಅಳಿಯ ಏನೋ ಮುಚ್ಚಿಟ್ಟಿದ್ದಾನೆ ಎಂದೇ ಅವರಿಗೆ ಅನಿಸಿತಂತೆ. 221(ಜಿ) ಕೊಟ್ಟಾಗ ಆ ಜಾಲತಾಣದಲ್ಲಿ ಆ ಪದವೇ ಬರುತ್ತದೆ. ಬೇಕಾದ ಕಾಗದ ಕೊಟ್ಟರೆ ಕಡತ ಮತ್ತೆ ತೆರೆಯುತ್ತದೆ. ಇದನ್ನು ಮನೆಯವರಿಗೆ ಸಂದರ್ಶನದ ಹಿಂದಿನ ದಿನವೇ ಹೇಳಿಡುವುದು ಒಳ್ಳೆಯದು. ಹೇಳಿರದಿದ್ದ ಕಾರಣ ಎರಡು ದಿನ ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ.

ಚೀಟಿಯ ನಂತರ

ಅಕ್ಕ, ಭಾವ, ಗೆಳೆಯರು ಎಲ್ಲರೂ ಒಂದೇ ಸಲಹೆ ಕೊಟ್ಟರು: ಪ್ರಸನ್ನ ಕೂಡಲೇ ಕೆಲಸ ಬಿಟ್ಟು ಒಬ್ಬನೇ ಹೋಗಲಿ, ಮನೆ ಬಾಡಿಗೆ ಹಿಡಿಯಲಿ. ಗಟ್ಟಿ ಪುರಾವೆಯೇ ಸರಿ. ಆದರೆ ಹತ್ತು ತಿಂಗಳ ಕೂಸು, ವಯಸ್ಸಾದ ಅವ್ವ, ವೀಸಾ ಯಾವಾಗ ಎಂದು ಗೊತ್ತಿಲ್ಲ, ಕಂಪನಿಯ ನೋಟಿಸ್ ಅವಧಿ 90 ದಿನ. ಮೊದಲೇ ಹೋಗಿರಬೇಕೆಂದು ನಿಯಮವೂ ಹೇಳುವುದಿಲ್ಲ, ಜೊತೆಯಲ್ಲಿ ಇಳಿದರೂ ಸಾಕು. ನಾವು ಇಲ್ಲಿಂದಲೇ ಪುರಾವೆ ಕಟ್ಟೋಣ ಎಂದೆವು. ಏಜೆಂಟನಿಗೆ ನಮಸ್ಕಾರ ಹೇಳಿ, ಒಬ್ಬ ವಲಸೆ ವಕೀಲರಿಗೆ ಒಂದು ಗಂಟೆಯ ಫೀ ಕೊಟ್ಟು ಮಾತಾಡಿದೆವು. ಇಡೀ ಪ್ರಕರಣದಲ್ಲಿ ಸಾರ್ಥಕವಾಗಿ ಖರ್ಚಾದ ಹಣ ಎಂದರೆ ಅದೇ.

ವಕೀಲರು ಮೊದಲು ಕೇಳಿದ್ದು ಹೊಸದಾಗಿ ಏನು ಮಾಡುತ್ತೀರಿ ಎಂದಲ್ಲ. ಅಲ್ಲಿ ನಿಮ್ಮದೆಂದು ಏನು ಉಳಿದಿದೆ? ಪ್ರಸನ್ನ ಏನೂ ಇಲ್ಲ ಎಂದರು. ನಾನು ಅವರ ರಿಟರ್ನ್ ತುಂಬಿದವನು, ನನಗೆ ಗೊತ್ತಿತ್ತು. ಟೆಕ್ಸಾಸ್‌ನ ಬ್ಯಾಂಕ್ ಖಾತೆ ಮುಚ್ಚಿರಲಿಲ್ಲ. ಹಳೆಯ ಕಂಪನಿಯ 401(ಕೆ) ನಿವೃತ್ತಿ ನಿಧಿ ಹಾಗೇ ಇತ್ತು. ಒಂದು ಕ್ರೆಡಿಟ್ ಕಾರ್ಡ್ ಪ್ರತಿ ತಿಂಗಳೂ ಬಳಕೆಯಲ್ಲಿತ್ತು. ಆರು ವರ್ಷದಿಂದ ಸುಮ್ಮನೆ ಬಿದ್ದಿದ್ದ ಈ ಎಳೆಗಳು, ಚೀಟಿ ಬಂದ ಮೇಲೆ ಹುಟ್ಟಿದ ಯಾವ ಕಾಗದಕ್ಕಿಂತಲೂ ಹೆಚ್ಚು ನಂಬುವಂಥವು. ಸಂದರ್ಶನಕ್ಕೆಂದು ತಯಾರಿಸಿದ್ದು ಎಂದು ಯಾರೂ ಹೇಳಲಾರರು.

ಅವುಗಳ ಮೇಲೆ ಹೊಸದನ್ನು ಜೋಡಿಸಿದರು. ಹಳೆಯ ಮ್ಯಾನೇಜರ್ ಒಬ್ಬರ ಮೂಲಕ ಟೆಕ್ಸಾಸ್‌ನಲ್ಲಿ ಕೆಲಸದ ಆಫರ್ ಪತ್ರ. ಅಕ್ಕನ ಮನೆಯ ಬದಲು ಕೆಲಸದ ಊರಿನಲ್ಲೇ ಅಪಾರ್ಟ್‌ಮೆಂಟ್ ಅರ್ಜಿ ಮತ್ತು ಅದಕ್ಕೆ ಕಟ್ಟಿದ ಮುಂಗಡದ ರಸೀದಿ. ಸಾಮಾನು ಸಾಗಿಸಲು ಕೊಟೇಶನ್. ನವೆಂಬರ್ ಚುನಾವಣೆಗೆ ವಿದೇಶದಲ್ಲಿರುವ ಮತದಾರರ ಅರ್ಜಿ. ಆ ಅರ್ಜಿಯಲ್ಲೇ 'ಮರಳುವ ಉದ್ದೇಶವಿದೆ' ಮತ್ತು 'ಮರಳುವುದು ಖಚಿತವಿಲ್ಲ' ಎಂಬ ಎರಡು ಆಯ್ಕೆ ಇರುತ್ತದೆ. ಪ್ರಸನ್ನ ಮೊದಲನೆಯದಕ್ಕೆ ಗುರುತು ಹಾಕಿದ್ದರು.

ರಾಜೀನಾಮೆ ಕೊಡಬೇಕೇ ಎಂಬುದೇ ದೊಡ್ಡ ಚರ್ಚೆಯಾಯಿತು. ಕೊಟ್ಟರೆ ಬಲವಾದ ಪುರಾವೆ, ವೀಸಾ ತಡವಾದರೆ ಸಂಬಳವಿಲ್ಲ. ನಾನು ಬೇಡ ಎಂದೆ. ಪ್ರಸನ್ನ ತಮ್ಮ ಮೇಲಧಿಕಾರಿಯ ಬಳಿ ಕೂತು ಇದ್ದದ್ದು ಇದ್ದಂತೆ ಹೇಳಿದರು. ಕುಟುಂಬ ಸಮೇತ ಅಮೆರಿಕಕ್ಕೆ ಮರಳಲು ಕೆಲಸ ಬಿಡುವ ಇಚ್ಛೆಯನ್ನು ಇವರು ತಿಳಿಸಿದ್ದಾರೆ, ವೀಸಾ ಬಂದ ಕೂಡಲೇ ನೋಟಿಸ್ ಅವಧಿ ಶುರುವಾಗುತ್ತದೆ ಎಂಬ ಪತ್ರ ಸಿಕ್ಕಿತು. ಇಂಥ ಪತ್ರ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಎಲ್ಲಕ್ಕೂ ಮೇಲೆ ಒಂದೂವರೆ ಪುಟದ ವಿವರಣೆ ಬರೆದರು: ಯಾಕೆ ಬಂದೆ, ಯಾಕೆ ಉಳಿದೆ, ಯಾಕೆ ಹೋಗುತ್ತಿದ್ದೇನೆ. ಮೊದಲ ಕರಡಿನಲ್ಲಿ 'ತಾತ್ಕಾಲಿಕವಾಗಿ ಭಾರತದಲ್ಲಿದ್ದೇನೆ' ಎಂದಿತ್ತು. ಸುಮಾ ಅದನ್ನು ಹೊಡೆದು ಹಾಕಿದರು. ಆರು ವರ್ಷ, ಸ್ವಂತ ಫ್ಲ್ಯಾಟು, ತಾತ್ಕಾಲಿಕ ಎಂದರೆ ಯಾರು ನಂಬುತ್ತಾರೆ? 'ಇಲ್ಲಿ ನೆಲೆಸಿದ್ದೆ, ಈಗ ಅಲ್ಲಿ ಮತ್ತೆ ನೆಲೆಸುತ್ತಿದ್ದೇನೆ' ಎಂದು ಬರೆಸಿದರು. ನಿಯಮ ಕೇಳುವುದೂ ಅದನ್ನೇ.

ಅಕ್ಟೋಬರ್ ಕೊನೆಯಲ್ಲಿ ಸಲ್ಲಿಸಿದರು. ಡಿಸೆಂಬರ್ ಮಧ್ಯದಲ್ಲಿ ಪಾಸ್‌ಪೋರ್ಟ್ ವೀಸಾದೊಂದಿಗೆ ಬಂತು. ಐಆರ್-1, ಅಂದರೆ ಮದುವೆಯಾಗಿ ಎರಡು ವರ್ಷ ದಾಟಿದ ಸಂಗಾತಿಗೆ ಸಿಗುವ ವೀಸಾ. ಅರ್ಜಿ ಹಾಕಿದಾಗ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಈಗ ಎರಡು ವರ್ಷ ದಾಟಿದ್ದರಿಂದ ಎರಡು ವರ್ಷದ ಷರತ್ತಿನ ಕಾರ್ಡಿನ ಬದಲು ಹತ್ತು ವರ್ಷದ್ದೇ ಸಿಗುತ್ತದೆ, ಮುಂದೆ ಷರತ್ತು ತೆಗೆಸುವ ಐ-751 ಅರ್ಜಿಯ ತಲೆಬಿಸಿ ಇಲ್ಲ. ತಡವಾದದ್ದರಿಂದ ಆದ ಲಾಭ ಅದೊಂದೇ.

ಹೊರಟದ್ದು

ವೀಸಾದ ಅವಧಿ ವೈದ್ಯಕೀಯ ತಪಾಸಣೆಗೆ ಕಟ್ಟಿಕೊಂಡಿರುತ್ತದೆ. ತಪಾಸಣೆ ಆದದ್ದು ಸೆಪ್ಟೆಂಬರಿನ ಮೊದಲ ವಾರ. ವೀಸಾ ಮಾರ್ಚ್ ಮೊದಲ ವಾರಕ್ಕೆ ಮುಗಿಯುತ್ತಿತ್ತು. 90 ದಿನದ ನೋಟಿಸ್ ಮುಗಿಯುವುದು ಮಾರ್ಚ್ ಮಧ್ಯಕ್ಕೆ. ಮೂರು ವಾರದ ಸಂಬಳ ಕಂಪನಿಗೆ ಕಟ್ಟಿ ಬಿಡುಗಡೆ ಪಡೆದರು. ಈ ಲೆಕ್ಕವನ್ನು ಸಂದರ್ಶನಕ್ಕೆ ಮೊದಲೇ ಹಾಕಿಟ್ಟುಕೊಳ್ಳಬೇಕಿತ್ತು. ಗ್ರೀನ್ ಕಾರ್ಡಿಗೆ 235 ಡಾಲರ್ ಆನ್‌ಲೈನಿನಲ್ಲಿ ಕಟ್ಟಿ, 2025ರ ಫೆಬ್ರವರಿ ಕೊನೆಯಲ್ಲಿ ಮೂವರೂ ಒಂದೇ ವಿಮಾನದಲ್ಲಿ ಹೋದರು.

ಈಗ ನನ್ನ ಕಚೇರಿಗೆ ಅಮೆರಿಕದ ಪಾಸ್‌ಪೋರ್ಟಿನವರು ಮದುವೆಯಾಗಿ ಬಂದರೆ ರಿಟರ್ನ್ ಕೇಳುವ ಮೊದಲು ಎರಡು ಮಾತು ಕೇಳುತ್ತೇನೆ. ಅಲ್ಲಿನ ಖಾತೆ ಮುಚ್ಚಿದ್ದೀರಾ? ಮುಚ್ಚಿಲ್ಲದಿದ್ದರೆ ಮುಚ್ಚಬೇಡಿ. ಹೆಂಡತಿಯನ್ನೋ ಗಂಡನನ್ನೋ ಕರೆದೊಯ್ಯುವ ವಿಚಾರ ಇದೆಯೇ? ಇದ್ದರೆ ಬಾಕಿ ರಿಟರ್ನ್ ಇವತ್ತೇ ಶುರು ಮಾಡೋಣ, ಮತ್ತು ಐ-864 ಕೈಗೆ ಬಂದಾಗ ಆ ಚೌಕದ ಮೇಲೆ ಬೆರಳಿಟ್ಟು ತೋರಿಸುತ್ತೇನೆ.

ಕಳೆದ ಜುಲೈಯಲ್ಲಿ ಪ್ರಸನ್ನನ ಭಾರತದ ರಿಟರ್ನ್ ತುಂಬಿದೆ. ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ಇಲ್ಲಿದ್ದುದರಿಂದ ನಮ್ಮ ಇನ್‌ಕಮ್ ಟ್ಯಾಕ್ಸ್ ಇಲಾಖೆಯ ಲೆಕ್ಕದಲ್ಲಿ ಅವರು ಇನ್ನೂ ಭಾರತದ ನಿವಾಸಿಯೇ. ಪ್ರತಿಯನ್ನು ವಾಕಡ್‌ಗೆ ಒಯ್ದು ಕೊಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ವಿಳಾಸದ ಸಾಲು ಓದಿದರು. "ಇದು ನಮ್ಮ ಮನೀದ ಅದಲ್ಲ" ಎಂದರು. ಹೌದು ಎಂದೆ. ಕಾಗದವನ್ನು ದೇವರ ಕೋಣೆಯ ಕಪಾಟಿನಲ್ಲಿ, ಸೊಸೈಟಿಯ ಮೆಂಟೆನೆನ್ಸ್ ರಸೀದಿಗಳ ಕೆಳಗೆ ಇಟ್ಟು, ಚಹಾ ಮಾಡಲು ಒಳಗೆ ಹೋದರು.